ಎತ್ತಿಗೆ ಜ್ವರ, ಗೇಮಿಗೆ ಬರೆ

ಎಲ್ಲೋ ಒಬ್ಬ ಹುಡುಗ ಯಾರನ್ನೋ ಹೊಡೆದ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ಮರುದಿನದಿಂದಲೇ ಈ ಅಂಕಣಕ್ಕೆ ಪತ್ರಗಳು ಶುರು. ‘ಡಾಕ್ಟ್ರೇ, ನಮ್ಮ ಹುಡುಗನೂ ಅದೇ ಗೇಮ್ ಆಡ್ತಾನೆ.’ ಉತ್ತರ ಬರೆದು ಬರೆದು ಸಾಕಾಗಿದೆ. ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಉಳಿದವರು ಇದನ್ನೇ ಓದಿಕೊಳ್ಳಿ. ಮಕ್ಕಳು ಎಷ್ಟು ಹೊತ್ತು ಮೊಬೈಲ್ ನೋಡಬಹುದು, ಕಣ್ಣಿಗೆ ಏನಾಗುತ್ತೆ ಅನ್ನೋದೆಲ್ಲ ಇಲ್ಲಿಲ್ಲ. ಅದು ನಿಮಗೆ ಗೊತ್ತಿರುವ ವಿಷಯ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಯಾವಾಗಲೂ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನೋ ಗುಂಡಿನ ಗೇಮ್ ಆಡುತ್ತಾನೆ, ಅದೇ ಹಳೆಯ ಪಬ್‌ಜಿ. ಫೋನ್ ಕಿತ್ತುಕೊಂಡರೆ ಕಿರುಚುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಹೋದ ವಾರ ನನ್ನನ್ನು ತಳ್ಳಿದ. ಅವರಪ್ಪ ಬೆಲ್ಟ್‌ನಲ್ಲಿ ಬಾರಿಸಿದರೂ ಬುದ್ಧಿ ಬಂದಿಲ್ಲ. ಬೆಳಗಾವಿಯಲ್ಲಿ ಪಬ್‌ಜಿಗೋಸ್ಕರ ಮಗನೇ ತಂದೆಯನ್ನು ಕೊಂದಿದ್ದು ನೆನಪಾದರೆ ನಿದ್ದೆ ಬರುವುದಿಲ್ಲ. ಇವನೂ ಹಾಗೆ ಆಗುತ್ತಾನಾ? — ಒಬ್ಬ ತಾಯಿ, ದಾವಣಗೆರೆ

ಉತ್ತರ: ಗೇಮ್ ಆಡಿದ್ದಕ್ಕೆ ಯಾರೂ ಕೊಲೆಗಾರರಾಗುವುದಿಲ್ಲ ಅಮ್ಮ. ಮೊದಲು ಇದನ್ನು ಓದಿ ಒಂದು ಲೋಟ ನೀರು ಕುಡಿಯಿರಿ.

ನೀವು ಹೇಳುತ್ತಿರುವುದು 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ ನಡೆದ ಘಟನೆ. ಭೀಕರವಾದದ್ದು, ಅನುಮಾನವೇ ಇಲ್ಲ. ಆದರೆ ಆ ವರ್ಷ ಈ ದೇಶದಲ್ಲಿ ಕೋಟಿಗಟ್ಟಲೆ ಹುಡುಗರು ಅದೇ ಪಬ್‌ಜಿ ಆಡುತ್ತಿದ್ದರು. ರಾತ್ರಿಯೆಲ್ಲ ಆಡಿ, ಬೆಳಿಗ್ಗೆ ಕಣ್ಣು ಕೆಂಪು ಮಾಡಿಕೊಂಡು ಕಾಲೇಜಿಗೆ ಹೋದರು. ಅಷ್ಟೇ. ಈಗ ಹದಿನಾಲ್ಕು ದಾಟಿದ ಯಾವ ಹುಡುಗನ ಫೋನ್ ತೆಗೆದು ನೋಡಿದರೂ ಒಂದು ಗುಂಡಿನ ಗೇಮ್ ಸಿಗುತ್ತೆ. ಹಾಗಾಗಿ ಯಾವ ಹುಡುಗ ತಪ್ಪು ಮಾಡಿದರೂ ಅವನ ಫೋನಿನಲ್ಲೂ ಅದು ಸಿಕ್ಕೇ ಸಿಗುತ್ತೆ. ಸಿಕ್ಕಿದ ಮಾತ್ರಕ್ಕೆ ಅದೇ ಕಾರಣ ಅಲ್ಲ.

ಅಮೆರಿಕದ ನ್ಯೂಟೌನ್ ಊರಿನ ಶಾಲೆಯಲ್ಲಿ 2012ರ ಡಿಸೆಂಬರ್‌ನಲ್ಲಿ ಒಬ್ಬ ಯುವಕ 20 ಮಕ್ಕಳನ್ನೂ 6 ಜನ ಸಿಬ್ಬಂದಿಯನ್ನೂ ಗುಂಡಿಟ್ಟು ಕೊಂದ. ತಕ್ಷಣ ಎಲ್ಲರೂ ವಿಡಿಯೋ ಗೇಮ್ ಕಡೆ ಬೆರಳು ತೋರಿಸಿದರು. ಮರುವರ್ಷ ಸರ್ಕಾರಿ ವಕೀಲರ ವರದಿ ಬಂತು. ಅವನ ಹತ್ತಿರ ಗುಂಡಿನ ಗೇಮ್‌ಗಳು ಇದ್ದದ್ದು ನಿಜ. ಆದರೆ ಅವನು ಸಿನಿಮಾ ಥಿಯೇಟರಿಗೆ ಹೋಗಿ ಗಂಟೆಗಟ್ಟಲೆ ಆಡುತ್ತಿದ್ದ ಆಟ ಯಾವುದು ಗೊತ್ತಾ? ಹಾಡಿಗೆ ತಕ್ಕಂತೆ ಕಾಲು ಕುಣಿಸುವ ಡ್ಯಾನ್ಸ್ ಗೇಮ್. ಮಕ್ಕಳಿಗೆ ಡ್ಯಾನ್ಸ್ ಕಲಿಸಬೇಡಿ ಅಂತ ಯಾರೂ ಭಾಷಣ ಬಿಗಿಯಲಿಲ್ಲ.

‘ಸಂಶೋಧನೆಯಲ್ಲಿ ಸಾಬೀತಾಗಿದೆ’ ಅಂತ ನಿಮಗೆ ಯಾರಾದರೂ ಹೇಳಿರುತ್ತಾರೆ. ಆ ಸಂಶೋಧನೆಗಳಲ್ಲಿ ಕೆಲವು ಹೇಗೆ ನಡೆದವು ಅಂತ ಹೇಳುತ್ತೇನೆ. ಕಾಲೇಜು ಹುಡುಗರಿಗೆ ಸ್ವಲ್ಪ ಹೊತ್ತು ಗುಂಡಿನ ಗೇಮ್ ಆಡಿಸುತ್ತಾರೆ. ಆಮೇಲೆ, ಪಕ್ಕದ ರೂಮಿನಲ್ಲಿರುವವನಿಗೆ ಖಾರ ಆಗಲ್ಲ, ಅವನ ಕಪ್ಪಿಗೆ ಎಷ್ಟು ಖಾರದ ಸಾಸ್ ಹಾಕುತ್ತೀಯೋ ಹಾಕು ಅನ್ನುತ್ತಾರೆ. ಹಾಕಿದ ಸಾಸನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಗ್ರಾಂ ಜಾಸ್ತಿ ಬಂದರೆ ‘ಆಕ್ರಮಣಶೀಲತೆ ಹೆಚ್ಚಿದೆ’ ಅಂತ ಬರೆದುಕೊಳ್ಳುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಇದು ಈ ಕ್ಷೇತ್ರದಲ್ಲಿ ನಿಜವಾಗಿ ಬಳಸಿರುವ ಅಳತೆ. ಸಾಸ್‌ನಿಂದ ಕೊಲೆಗೆ ಎಷ್ಟು ದೂರ ಅಂತ ನೀವೇ ಹೇಳಿ.

ಆಕ್ಸ್‌ಫರ್ಡ್‌ನ ಸಂಶೋಧಕರು 2019ರಲ್ಲಿ ಸುಮಾರು ಸಾವಿರ ಬ್ರಿಟಿಷ್ ಹದಿಹರೆಯದವರನ್ನು ತೆಗೆದುಕೊಂಡರು. ಮಕ್ಕಳ ನಡವಳಿಕೆ ಹೇಗಿದೆ ಅಂತ ಅವರ ತಂದೆತಾಯಿಯನ್ನೇ ಕೇಳಿದರು. ಗೇಮಿಗೂ ಆ ಜಗಳಗಂಟತನಕ್ಕೂ ಸಂಬಂಧ ಸಿಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಕಿರುಚುವುದು, ತಳ್ಳುವುದು ಇಂಥದ್ದಕ್ಕೆ ಚಿಕ್ಕ ನಂಟು ಇದೆ, ನಿಜವಾದ ಹಿಂಸೆಗೆ ಗೇಮ್ ಕಾರಣ ಅನ್ನಲು ಸಾಕಷ್ಟು ಆಧಾರ ಇಲ್ಲ. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಗೇಮ್ ಆಡದ ಹುಡುಗ ಸಿಗುವುದು ಕಷ್ಟ. ಕೊಲೆಗಳು ತೀರಾ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿ ಅವೆರಡೂ ಇವೆ.

ಈಗ ನಿಮ್ಮ ಪತ್ರಕ್ಕೆ ಬರೋಣ. ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಮೂಲ ಪತ್ರದಲ್ಲಿ ಗೇಮ್ ಬಗ್ಗೆ ಒಂದು ಪುಟ ಇದೆ. ಬೆಲ್ಟ್ ಬಗ್ಗೆ ಒಂದು ಸಾಲು. ನನಗೆ ಕಂಡಿದ್ದು ಆ ಸಾಲು.

ಹದಿನಾಲ್ಕು ವರ್ಷದ ಹುಡುಗ ಸಿಟ್ಟು ಬಂದಾಗ ಕೈ ಎತ್ತುವುದನ್ನು ಮೊಬೈಲ್ ಪರದೆಯಿಂದ ಕಲಿತ ಅಂತ ನೀವು ನಂಬುತ್ತೀರಿ. ಅದೇ ಮನೆಯಲ್ಲಿ ಸಿಟ್ಟು ಬಂದಾಗ ದೊಡ್ಡವರು ಬೆಲ್ಟ್ ಬಿಚ್ಚುತ್ತಾರೆ. ಯಾವುದರಿಂದ ಕಲಿಯೋದು ಸುಲಭ? ಮನೆಯಲ್ಲಿ ಹೊಡೆತ ತಿಂದ, ಅಥವಾ ಅಪ್ಪ ಅಮ್ಮನಿಗೆ ಹೊಡೆಯುವುದನ್ನು ನೋಡಿದ ಮಕ್ಕಳು ಮುಂದೆ ಕೈ ಎತ್ತುವ ಸಾಧ್ಯತೆ ಜಾಸ್ತಿ ಅನ್ನುವುದಕ್ಕೆ ಆಧಾರ ರಾಶಿ ರಾಶಿ ಇದೆ. ಅದರ ಬಗ್ಗೆ ಟಿವಿಯಲ್ಲಿ ಚರ್ಚೆ ಯಾಕೆ ನಡೆಯಲ್ಲ? ಗೇಮ್ ಕಂಪನಿಯನ್ನು ಬೈಯುವುದು ಆರಾಮ, ಅಪ್ಪನನ್ನು ಕೂರಿಸಿಕೊಂಡು ಕೇಳುವುದು ಕಷ್ಟ. ಬೆಲ್ಟ್ ಇವತ್ತೇ ನಿಲ್ಲಬೇಕು. ಇದರಲ್ಲಿ ಚೌಕಾಸಿ ಇಲ್ಲ. ನಿಮ್ಮ ಮೇಲೂ ಯಾರಾದರೂ ಕೈ ಮಾಡುತ್ತಿದ್ದರೆ ಮುಂದಿನ ಪತ್ರದಲ್ಲಿ ಅದನ್ನೂ ಬರೆಯಿರಿ. ಹೆಸರು ಹಾಕುವುದಿಲ್ಲ.

ಇನ್ನು ಕಿತ್ತುಕೊಳ್ಳುವ ವಿಷಯ. ಬಿಜಿಎಂಐನ ದೊಡ್ಡ ಮ್ಯಾಪಿನಲ್ಲಿ ಒಂದು ಮ್ಯಾಚ್ ಹೆಚ್ಚುಕಡಿಮೆ ಅರ್ಧ ಗಂಟೆ. ಸಾಮಾನ್ಯವಾಗಿ ನಾಲ್ಕು ಜನ ಸೇರಿ ಆಡುತ್ತಾರೆ. ಕೊನೆಯ ಐದು ನಿಮಿಷದಲ್ಲಿ ನೀವು ಫೋನ್ ಎಳೆದುಕೊಂಡರೆ ಉಳಿದ ಮೂವರು ಇವನನ್ನು ಬೈಯುತ್ತಾರೆ, ರ‍್ಯಾಂಕ್ ಇಳಿಯುತ್ತೆ, ಮರುದಿನ ಕ್ಲಾಸಲ್ಲಿ ಮರ್ಯಾದೆ ಹೋಗುತ್ತೆ. ನಿಮಗೆ ಅದು ಹುಚ್ಚಾಟ, ಅವನಿಗೆ ಅಲ್ಲ. ‘ಈ ಮ್ಯಾಚ್ ಮುಗಿದ ಮೇಲೆ ಕೊಡು’ ಅಂತ ಮೊದಲೇ ಹೇಳಿ, ಮುಗಿದ ತಕ್ಷಣ ಕೈ ಚಾಚಿ. ರಾತ್ರಿ ಫೋನ್ ಅವನ ರೂಮಿನಲ್ಲಿ ಇರಬಾರದು, ನಿಮ್ಮದೂ ಅಷ್ಟೇ, ಎಲ್ಲರದ್ದೂ ಹಾಲ್‌ನಲ್ಲಿ ಚಾರ್ಜಿಗೆ. ನಿದ್ದೆಗೆಟ್ಟ ಹುಡುಗ ಯಾವ ಗೇಮ್ ಆಡದಿದ್ದರೂ ಸಿಡುಕುತ್ತಾನೆ.

ಅಮ್ಮನನ್ನು ತಳ್ಳಿದ್ದನ್ನು ನಾನು ಹಗುರ ಮಾಡುತ್ತಿಲ್ಲ. ಗೇಮ್ ಬರುವ ಮುಂಚೆಯೂ ಹೀಗೇ ಇದ್ದನಾ? ನಾಯಿ ಬೆಕ್ಕಿಗೆ ಹಿಂಸೆ ಕೊಡುತ್ತಾನಾ? ಇದ್ದಕ್ಕಿದ್ದಂತೆ ಸ್ನೇಹಿತರನ್ನು ಬಿಟ್ಟನಾ, ಊಟ ಬಿಟ್ಟನಾ? ಸಾಯುವ ಮಾತಾಡುತ್ತಾನಾ? ಹುಡುಗರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಿನ ಬದಲು ಸಿಟ್ಟಾಗಿ ಬರುತ್ತೆ. ಇದರಲ್ಲಿ ಒಂದಕ್ಕೆ ಹೌದು ಅಂದರೂ ಕಾಯಬೇಡಿ. ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮ್ ಬಳಕೆಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಬೆಂಗಳೂರು ದೂರ ಆದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಅವರಪ್ಪನನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಇಂಥ ಗೇಮ್‌ಗಳನ್ನು ಸರ್ಕಾರ ಯಾಕೆ ನಿಷೇಧಿಸಬಾರದು?

ಉತ್ತರ: ಪಬ್‌ಜಿಯನ್ನು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ್ದು ದೇಶದ ಭದ್ರತೆಯ ಕಾರಣ ಕೊಟ್ಟು, ಹಿಂಸೆಗಲ್ಲ. ಮರುವರ್ಷವೇ ಅದು ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು. ಅದಕ್ಕೂ ಮುಂಚೆ, 2019ರಲ್ಲಿ, ರಾಜ್‌ಕೋಟ್ ಪೊಲೀಸರು ಪಬ್‌ಜಿ ಆಡಿದ ಕಾಲೇಜು ಹುಡುಗರನ್ನೇ ಬಂಧಿಸಿದ್ದರು. ಏನು ಸಾಧಿಸಿದರೋ!

ಪ್ರಶ್ನೆ: ಬ್ಲೂ ವೇಲ್ ಗೇಮ್ ಮತ್ತೆ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಏನು ಮಾಡಲಿ?

ಉತ್ತರ: ಡಿಲೀಟ್ ಮಾಡಿ. ಮಕ್ಕಳನ್ನು ಆತ್ಮಹತ್ಯೆಗೆ ತಳ್ಳುತ್ತೆ ಅಂತ ಆ ಗೇಮಿನ ಬಗ್ಗೆ 2017ರಲ್ಲಿ ಎದ್ದ ಗದ್ದಲದ ನಂತರ ಕೇಂದ್ರದ ಸಮಿತಿಯೊಂದು ಪ್ರಕರಣಗಳನ್ನು ನೋಡಿತು. ಯಾವುದರಲ್ಲೂ ಆ ಗೇಮಿನ ಪಾತ್ರ ಸಾಬೀತಾಗಲಿಲ್ಲ ಅಂತ ಸರ್ಕಾರ ಸಂಸತ್ತಿಗೇ ಹೇಳಿದೆ.

ಪ್ರಶ್ನೆ: ಸಿನಿಮಾದ ಲಾಂಗು ಮಚ್ಚು ನೋಡಿ ತಾನೇ ಬೆಂಗಳೂರಲ್ಲಿ ರೌಡಿಗಳು ಹುಟ್ಟಿದ್ದು?

ಉತ್ತರ: ಜಯರಾಜ್, ಕೊತ್ವಾಲ್ ಹೆಸರು ಕೇಳಿ ಊರು ನಡುಗಿದ್ದು 70-80ರ ದಶಕದಲ್ಲಿ. ಲಾಂಗಿನ ಸಿನಿಮಾಗಳ ಸಾಲು ಬಂದಿದ್ದು ಆಮೇಲೆ. ಲೆಕ್ಕ ಹಾಕಿ.

ಪ್ರಶ್ನೆ: ಹಾಗಾದರೆ ಮಾಧ್ಯಮದಿಂದ ಏನೂ ಆಗಲ್ಲ ಅಂತೀರಾ?

ಉತ್ತರ: ಹಾಗೆ ಹೇಳಿಲ್ಲ. ಆತ್ಮಹತ್ಯೆಯ ಸುದ್ದಿಯನ್ನು ವಿಧಾನದ ಸಮೇತ, ಮತ್ತೆ ಮತ್ತೆ, ವೈಭವೀಕರಿಸಿ ತೋರಿಸಿದರೆ ಇನ್ನಷ್ಟು ಜನ ಅದೇ ದಾರಿ ಹಿಡಿಯುತ್ತಾರೆ. ಇದಕ್ಕೆ ಗಟ್ಟಿ ಆಧಾರ ಇದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಇದರ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿದೆ. ಗೇಮ್ ಮೇಲೆ ಒಂದು ಗಂಟೆ ಕಿರುಚಾಡಿದ ಚಾನೆಲ್ಲೇ ಅದಾದ ಮೇಲೆ ಗ್ರಾಫಿಕ್ಸ್ ಹಾಕಿ ಸಾವನ್ನು ಮರುಸೃಷ್ಟಿ ಮಾಡುತ್ತೆ. ಮಕ್ಕಳಿರುವ ಮನೆಯಲ್ಲಿ ನಾನಾಗಿದ್ದರೆ ಆಫ್ ಮಾಡುವುದು ಆ ಟಿವಿಯನ್ನು. ಮತ್ತೆ ಹತ್ತು ವರ್ಷದ ಮಗುವಿಗೆ 18 ದಾಟಿದವರ ಗೇಮ್ ಕೊಡಲ್ಲ. ನನ್ನ ಹೆದರಿಕೆ ಅದರ ಬಂದೂಕಿಗಿಂತ ಮೈಕಿನ ಬಗ್ಗೆ. ಆ ಕಡೆ ಮಾತಾಡುತ್ತಿರುವ ಅಪರಿಚಿತ ಯಾರೋ ಏನೋ.

ಪ್ರಶ್ನೆ: ನಾಲ್ಕು ವರ್ಷದ ಮಗಳು ಕಾರ್ಟೂನ್ ನೋಡಿ ಹೊಡೆಯುತ್ತಾಳೆ.

ಉತ್ತರ: ನಾಲ್ಕು ವರ್ಷದವರು ಹೊಡೆಯುತ್ತಾರೆ. ಮುಂದಿನ ಪತ್ರ.

ಪ್ರಶ್ನೆ: ಶಾಲೆಯಲ್ಲಿ ಮಗನ ಬೆರಳಚ್ಚು ತೆಗೆದು ಡಿಎಂಐಟಿ ಟೆಸ್ಟ್ ಮಾಡಿಸಿದರು. ‘ಆಕ್ರಮಣಕಾರಿ ಸ್ವಭಾವ, ಗೇಮ್ ಚಟದ ಅಪಾಯ’ ಅಂತ ರಿಪೋರ್ಟ್ ಬಂದಿದೆ. ಚಟ ಬಿಡಿಸಲು ಅವರದ್ದೇ ಹತ್ತು ದಿನದ ಕೋರ್ಸ್ ಇದೆಯಂತೆ.

ಉತ್ತರ: ಇರದೇ ಇರುತ್ತಾ? ಬೆರಳಿನ ಗೆರೆ ನೋಡಿ ಸ್ವಭಾವ ಹೇಳುವುದಕ್ಕೆ ವಿಜ್ಞಾನದ ಆಧಾರ ಇಲ್ಲ. ಇದು ಕಂಪ್ಯೂಟರ್ ಪ್ರಿಂಟ್ ತೆಗೆದ ಕಣಿ. ರಿಪೋರ್ಟನ್ನು ಮಗನಿಗೆ ತೋರಿಸಬೇಡಿ, ಹರಿದು ಹಾಕಿ. ದುಡ್ಡು ವಾಪಸ್ ಕೇಳಿ. ಕೊಡಲ್ಲ, ಆದರೂ ಪ್ರಿನ್ಸಿಪಾಲರ ಮುಂದೆಯೇ ಕೇಳಿ.