ಪ್ಯಾನಿಕ್ ಅಟ್ಯಾಕ್ ತಡೆಯುವ ಪ್ರಯತ್ನವನ್ನೇ ಮೊದಲು ಬಿಡಿ

ಹೊಸ ಕೆಲಸಕ್ಕೆ ಸೇರಲು ಮೂರು ವಾರ ಇದೆ, ಬಸ್ ಹತ್ತಿದರೆ ಪ್ಯಾನಿಕ್ ಅಟ್ಯಾಕ್ ಬರುತ್ತೆ, ಮಾತ್ರೆ ಇಲ್ಲದೆ ಅಷ್ಟರೊಳಗೆ ಪೂರ್ತಿ ನಿಲ್ಲಿಸೋಕೆ ಯಾವ ಉಸಿರಾಟದ ಅಭ್ಯಾಸ ಮಾಡಲಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ನಾಲ್ಕು ವರ್ಷ ನಾನು ದವಡೆಯ ಕೆಳಗೆ ಎರಡು ಬೆರಳು ಒತ್ತಿಕೊಂಡು ನಾಡಿ ಎಣಿಸುತ್ತಲೇ ಬದುಕಿದೆ. ಒತ್ತಿ ಒತ್ತಿ ಅಲ್ಲಿನ ಚರ್ಮ ಕಪ್ಪಾಗಿ ಒರಟಾಗಿತ್ತು.

ನನಗೂ ಮೊದಲ ಸಲ ಬಂದಿದ್ದು ಬಸ್ಸಿನಲ್ಲೇ. ಎದೆ ಡವಡವ ಹೊಡೆದುಕೊಂಡಿತು, ಬೆರಳ ತುದಿಯೆಲ್ಲ ಜುಮ್ಮೆಂದಿತು, ತುಟಿ ಮರಗಟ್ಟಿತು. ಇನ್ನು ಉಳಿಯಲ್ಲ ಅನ್ನಿಸಿತು. ನೇರ ಆಸ್ಪತ್ರೆಗೆ ಹೋದೆ. ಇಸಿಜಿ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. ಅವತ್ತು ಹೋಗಿದ್ದು ಸರಿಯೇ. ನೀವು ಒಮ್ಮೆಯೂ ಡಾಕ್ಟರಿಗೆ ತೋರಿಸಿಲ್ಲದಿದ್ದರೆ ಮೊದಲು ತೋರಿಸಿ. ನನ್ನ ಉತ್ತರ ಓದಿ ಎದೆನೋವಿಗೆ ಪ್ಯಾನಿಕ್ ಅಂತ ಹೆಸರಿಡಬೇಡಿ.

ನಾನು ತಪ್ಪಿದ್ದು ಎರಡನೇ ಸಲ. ಅವತ್ತು ಬಸ್ಸಿನಿಂದ ಇಳಿದುಬಿಟ್ಟೆ.

ಇಳಿಯೋದರಲ್ಲಿ ಏನು ತಪ್ಪು ಅಂತ ನಿಮಗೆ ಅನ್ನಿಸಬಹುದು. ನನಗೂ ನಾಲ್ಕು ವರ್ಷ ಹೊಳೆದಿರಲಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ, ಆಮೇಲೆ ತಾನೇ ಇಳಿಯುತ್ತೆ. ದೇಹ ಆ ಮಟ್ಟದ ಗಾಬರಿಯನ್ನು ಹಾಗೇ ಹಿಡಿದಿಟ್ಟುಕೊಳ್ಳಲಾರದು. ನಾನು ಇಳಿದಿದ್ದು ನಾಲ್ಕನೆಯದೋ ಐದನೆಯದೋ ನಿಮಿಷಕ್ಕೆ. ಫುಟ್‌ಪಾತಿನ ಮೇಲೆ ಕೂತೆ, ಸ್ವಲ್ಪ ಹೊತ್ತಿಗೆ ಎದೆ ಹತೋಟಿಗೆ ಬಂತು. ಬಸ್ಸಿನಲ್ಲೇ ಕೂತಿದ್ದರೂ ಬರುತ್ತಿತ್ತು. ಆದರೆ ನನ್ನ ಮಿದುಳಿಗೆ ಅದು ಹೇಗೆ ಗೊತ್ತಾಗಬೇಕು? ಬಸ್ಸಿನಲ್ಲಿ ಸಾವಿತ್ತು, ಇಳಿದದ್ದಕ್ಕೆ ಜೀವ ಉಳಿಯಿತು ಅಂತ ಅದು ಲೆಕ್ಕ ಬರೆದುಕೊಂಡಿತು. ಮುಂದಿನ ಸಲ ಬಸ್ ಕಂಡ ಕೂಡಲೇ ಗಾಬರಿಯ ಗಂಟೆ ಹೊಡೆಯಿತು. ಹತ್ತಲೇ ಇಲ್ಲ. ಹತ್ತದೇ ಇದ್ದದ್ದಕ್ಕೆ ಸಮಾಧಾನ ಆಯಿತು, ಲೆಕ್ಕ ಇನ್ನಷ್ಟು ಗಟ್ಟಿಯಾಯಿತು. ಬಸ್ಸಾಯಿತು, ಲಿಫ್ಟಾಯಿತು, ಬಾಗಿಲು ಹಾಕಿದ ಮೀಟಿಂಗ್ ರೂಮಾಯಿತು, ಕೊನೆಗೆ ಸೆಲೂನಿನ ಕುರ್ಚಿಯೂ ಆಯಿತು.

ಇಳಿಯುವುದು ಅಂದರೆ ಕಾಲಲ್ಲಿ ಇಳಿಯುವುದೇ ಆಗಬೇಕಿಲ್ಲ, ಇದನ್ನೂ ಗಮನಿಸಿ. ಬ್ಯಾಗಿನಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಎಂದೂ ನುಂಗದ ಒಂದು ಮಾತ್ರೆ, ಬಾಗಿಲ ಪಕ್ಕದ ಸೀಟು, ಫೋನ್ ಲೈನಿನಲ್ಲಿ ಅಕ್ಕ, ಕತ್ತಿನ ಮೇಲೆ ಬೆರಳು. ಇವೆಲ್ಲ ನನ್ನ ಪಾಲಿಗೆ ಕೂತಲ್ಲೇ ಇಳಿಯುವ ದಾರಿಗಳಾಗಿದ್ದವು. ಮೈಯೊಳಗಿನ ಸಣ್ಣ ಬದಲಾವಣೆಯನ್ನು ದೊಡ್ಡ ಅಪಾಯ ಅಂತ ಓದಿಕೊಂಡಾಗ ಗಾಬರಿ ಏರುತ್ತೆ, ಆ ಗಾಬರಿಗೆ ಮೈಯ ಬದಲಾವಣೆ ಇನ್ನೂ ಹೆಚ್ಚುತ್ತೆ. ಈ ಸುತ್ತನ್ನು ಡೇವಿಡ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲೇ ವಿವರಿಸಿದ್ದರು. ನಾಡಿ ಎಣಿಸುತ್ತ ಕೂತ ನಾನು ದಿನಕ್ಕೆ ನೂರು ಸಲ ಆ ಸುತ್ತಿಗೆ ಕೀಲಿ ಕೊಡುತ್ತಿದ್ದೆ.

ಅಪ್ಪನ ಆಪರೇಷನ್ ದಿನ ಬೆಳಗ್ಗೆ ಆಸ್ಪತ್ರೆಗೆ ಹೊರಟು ಅರ್ಧ ದಾರಿಯಲ್ಲೇ ಬಸ್ಸಿನಿಂದ ಇಳಿದೆ. ನಡೆದುಕೊಂಡೇ ಹೋಗಿ ಮುಟ್ಟುವಷ್ಟರಲ್ಲಿ ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿಯಾಗಿತ್ತು. ಸ್ಟ್ರೆಚರ್ ಬಾಗಿಲು ದಾಟುವವರೆಗೂ ಕತ್ತು ತಿರುಗಿಸಿ ನನ್ನನ್ನೇ ಹುಡುಕುತ್ತಿದ್ದರಂತೆ. ಅಕ್ಕ ಅದನ್ನು ಬೈದು ಹೇಳಲಿಲ್ಲ, ಮೆಲ್ಲಗೆ ಹೇಳಿದಳು. ಅಪ್ಪ ಹುಷಾರಾಗಿ ಮನೆಗೆ ಬಂದರು. ಆದರೂ ಅದರ ನೋವು ನನಗೆ ಇನ್ನೂ ಇದೆ.

ಅದಾದ ಮೇಲೆಯೇ ನಾನು ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ಹೋಗಿದ್ದು. ಗಾಬರಿ ನಿಲ್ಲಿಸುವ ಉಪಾಯ ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ಅವರು ತಿರುಗುವ ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಗಿರಗಿರ ತಿರುಗಿಸಿದರು. ಇನ್ನೊಂದು ದಿನ ಮೂಗು ಹಿಡಿದು ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸಿದರು. ತಲೆಸುತ್ತು, ಏದುಸಿರು, ಎದೆಬಡಿತ, ನಾನು ಹೆದರುತ್ತಿದ್ದದ್ದೆಲ್ಲ ಬಂತು, ನಾನು ಏನೂ ಮಾಡದೆಯೇ ತಾನಾಗಿ ಹೋಯಿತು. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತೆ ಅಂತ ಅಲ್ಲೇ ಗೊತ್ತಾಗಿದ್ದು. (ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಈ ಕುರ್ಚಿ, ಸ್ಟ್ರಾ ಅಭ್ಯಾಸಗಳನ್ನು ಡಾಕ್ಟರನ್ನು ಕೇಳದೆ ಮಾಡಬಾರದು.) ಆಮೇಲೆ ಬಸ್: ಮೊದಲು ಒಂದು ಸ್ಟಾಪ್, ಜೊತೆಗೆ ಅಕ್ಕ. ಆಮೇಲೆ ಮೂರು ಸ್ಟಾಪ್, ಒಬ್ಬನೇ. ಆಮೇಲೆ ಬಾಟಲಿ ಮನೆಯಲ್ಲಿ. ಕೊನೆಗೆ ಎರಡೂ ಕೈ ತೊಡೆಯ ಮೇಲೆ. ಆ ಕೈಗಳನ್ನು ಅಲ್ಲೇ ಇಟ್ಟುಕೊಳ್ಳೋದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಉಸಿರಾಟದ ಅಭ್ಯಾಸ ಕೆಟ್ಟದ್ದಲ್ಲ, ದಿನಾ ಬೆಳಗ್ಗೆ ಮಾಡಿ. ಆದರೆ ಗಾಬರಿ ಬಂದಾಗ ಅದನ್ನು ಬೆಂಕಿಗೆ ನೀರು ಎರಚುವ ಹಾಗೆ ಬಳಸಿದರೆ ಅದೂ ನನ್ನ ಬಾಟಲಿಯ ಹಾಗೇ ಆಗುತ್ತೆ.

ಮಾತ್ರೆ ಬೇಡವೇ ಬೇಡ ಅಂತ ಯಾಕೆ ಹಟ? ಅಟ್ಯಾಕ್ ಮತ್ತೆ ಮತ್ತೆ ಬರುವ ಪ್ಯಾನಿಕ್ ಡಿಸಾರ್ಡರ್‌ಗೆ ಸಾಮಾನ್ಯವಾಗಿ ಬರೆದುಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು (ಖಿನ್ನತೆ, ಆತಂಕ ಎರಡಕ್ಕೂ ಕೊಡುವ ಒಂದು ಬಗೆಯ ಔಷಧ) ಚಟ ಹಿಡಿಸುವಂಥವಲ್ಲ. ಕೆಲಸ ಶುರುಮಾಡಲು ಕೆಲವು ವಾರ ಬೇಕು, ಮೊದಮೊದಲು ತಳಮಳ ಸ್ವಲ್ಪ ಹೆಚ್ಚಲೂಬಹುದು. ಅದಕ್ಕೇ ಸಣ್ಣ ಡೋಸಿನಿಂದ ಶುರುಮಾಡುತ್ತಾರೆ, ನಿಲ್ಲಿಸುವಾಗಲೂ ಡಾಕ್ಟರ ಮಾತಿನಂತೆ ನಿಧಾನವಾಗಿ ಇಳಿಸಬೇಕು. ಎಚ್ಚರ ಬೇಕಾದದ್ದು ತಕ್ಷಣ ಶಮನ ಕೊಡುವ ಆಲ್‌ಪ್ರಜೋಲಮ್‌ನಂಥವುಗಳ ಬಗ್ಗೆ, ಅವು ಅಭ್ಯಾಸವಾಗಿಬಿಡುತ್ತವೆ.

ದಿನದ ಬದುಕಿನಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಮೂರೇ. ಕಾಫಿ ಕಡಿಮೆ ಮಾಡಿದ್ದು. ರಾತ್ರಿ ಒಂದೇ ಹೊತ್ತಿಗೆ ಮಲಗಿದ್ದು. ದಿನಾ ಮೆಟ್ಟಿಲು ಹತ್ತಿದ್ದು: ಏದುಸಿರು ಬಂದರೂ ಎದೆ ಹೊಡೆದುಕೊಂಡರೂ ಏನೂ ಆಗಲ್ಲ ಅಂತ ನನ್ನ ಮೈಗೆ ಮನವರಿಕೆ ಮಾಡಿಸಿದ್ದು ಆ ಮೆಟ್ಟಿಲುಗಳೇ. ಸಂಜೆ ಕುಡಿದರೆ ನಿರಾಳ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅಮಲು ಇಳಿಯುವಾಗ ಆತಂಕ ಹೆಚ್ಚುತ್ತೆ.

ಮನೆಯವರಿಗೆ "ಏನೂ ಆಗಲ್ಲ ಬಿಡು" ಅನ್ನಬೇಡಿ ಅಂತ ಹೇಳಿ. "ಇಳಿಯೋಣ ಬಾ" ಅಂತಲೂ ಅನ್ನದಿರಲಿ. ಅಕ್ಕ ಮೊದಲ ಸಲ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಹೇಳಿದ್ದು ಇಷ್ಟೇ: "ಬಂದಿದೆ ಅಲ್ವಾ? ಬರಲಿ, ಕೂತಿರೋಣ."

ಈ ಗಾಬರಿಯ ಜೊತೆ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ ಬಸ್ಸಿನ ಮಾತು ಪಕ್ಕಕ್ಕಿಡಿ, ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಮನೋವೈದ್ಯರನ್ನು ಕಾಣಿ. ಪ್ಯಾನಿಕ್ ಇರುವವರಲ್ಲಿ ಖಿನ್ನತೆಯೂ ಸೇರಿಕೊಳ್ಳುವುದು ಅಪರೂಪವಲ್ಲ.

ಅಂಥದ್ದೇನೂ ಇಲ್ಲವಾದರೆ ಕೆಲಸಕ್ಕೆ ಸೇರುವ ದಿನ ಮುಂದೆ ಹಾಕಬೇಡಿ. ಮೂರು ವಾರದಲ್ಲಿ ಅಟ್ಯಾಕ್ ಪೂರ್ತಿ ನಿಲ್ಲುತ್ತೆ ಅಂತ ನಾನು ಮಾತು ಕೊಡಲಾರೆ. ನಾಳೆ ಚಿಕಿತ್ಸಕರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ನಾಡಿದ್ದು ನಂಬಿಕೆಯವರೊಬ್ಬರನ್ನು ಕರೆದುಕೊಂಡು ಒಂದು ಸ್ಟಾಪ್ ಹೋಗಿ ಬನ್ನಿ. ಮಧ್ಯದಲ್ಲಿ ಗಾಬರಿ ಬಂದರೆ ಆ ಸ್ಟಾಪ್ ಬರುವವರೆಗೆ ಕೂತಿರಿ. ಹೇಗಾಯಿತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.