ಟೈಮ್‌ಶೇರ್ ಪಾಯಿಂಟ್ ಇದೆ: ಬೇರೆ ರೆಸಾರ್ಟಿಗೆ ಬದಲಾಯಿಸಿಕೊಳ್ಳಲೋ, ಹೋಟೆಲ್ ರೂಮಿಗೆ ಹಾಕಲೋ?

ಕೊಡಗಿನ ರೆಸಾರ್ಟಿನಲ್ಲಿ ಟೈಮ್‌ಶೇರ್ (ಮೊದಲೇ ದುಡ್ಡು ಕಟ್ಟಿ ಪ್ರತಿವರ್ಷ ಕೆಲವು ದಿನ ತಂಗುವ ಹಕ್ಕು) ಇದೆ, ಅದರ ಪಾಯಿಂಟ್ (ತಂಗಲು ದುಡ್ಡಿನ ಬದಲು ಕೊಡುವ ಅಂಕ) ಹಾಗೇ ಉಳಿದಿದೆ, ಮುಂದಿನ ಮೇ ರಜೆಗೆ ಅಪ್ಪ ಅಮ್ಮ ಮಕ್ಕಳು ಸೇರಿ ಆರು ಜನ ಗೋವಾಕ್ಕೆ ಹೋಗಬೇಕು ಅಂದಿದ್ದೀರಿ. ಹಾಗಾದರೆ ಪಾಯಿಂಟ್ ಕೊಟ್ಟು ಅಲ್ಲಿನ ರೆಸಾರ್ಟಿನ ವಾರವನ್ನೇ ತೆಗೆದುಕೊಳ್ಳಿ. ಪಾಯಿಂಟನ್ನು ಮಾತ್ರ ಹೋಟೆಲ್ ರೂಮಿಗೆ ಸುರಿಯಬೇಡಿ.

ನಾನು ಸೋಮವಾರಪೇಟೆ ಕಡೆಯವನು, ಸಣ್ಣ ಕಾಫಿ ತೋಟ. ಬೆಂಗಳೂರಿನ ಮಾಲೊಂದರಲ್ಲಿ ಚೀಟಿ ತುಂಬಿ, "ಗಿಫ್ಟ್ ಬಂದಿದೆ ಸರ್, ಮೇಡಮ್ಮನ್ನೂ ಕರ್ಕೊಂಡು ಬನ್ನಿ" ಎಂಬ ಫೋನಿಗೆ ಮರುಳಾಗಿ ಸದಸ್ಯನಾದವನು. (ಗಿಫ್ಟು ಒಂದು ಇಸ್ತ್ರಿ ಪೆಟ್ಟಿಗೆ. ಅದು ಮಾತ್ರ ಇವತ್ತಿಗೂ ಕೆಲಸ ಮಾಡುತ್ತದೆ.) ಸೇರುವಾಗ ಕಟ್ಟಿದ ಲಕ್ಷಗಳನ್ನು ಈ ಲೆಕ್ಕಕ್ಕೆ ತರಬೇಡಿ, ಅದು ಹೋಯಿತು. ಪ್ರತಿವರ್ಷ ಕಟ್ಟುವ ನಿರ್ವಹಣಾ ಶುಲ್ಕವನ್ನಷ್ಟೇ ಹಿಡಿಯಿರಿ. ಅದು 24,000 ಅಂದುಕೊಳ್ಳೋಣ, ಶೇ 18 ಜಿಎಸ್‌ಟಿ ಸೇರಿ 28,320. ಬದಲಾವಣೆ ಶುಲ್ಕ ಇನ್ನೊಂದು 8,000 ಅಂದರೂ ಏಳು ರಾತ್ರಿಗೆ ಹಂಚಿದಾಗ ರಾತ್ರಿಗೆ 5,200ರ ಆಸುಪಾಸು. ಅದರಲ್ಲಿ ಆರು ಜನ ಮಲಗುವ ಎರಡು ಬೆಡ್‌ರೂಮಿನ ಮನೆ ಸಿಕ್ಕರೆ ಲಾಭವೇ. ಅದೇ ಪಾಯಿಂಟಿಗೆ ಹೋಟೆಲಿನವರು ಮೂರು ರಾತ್ರಿ ಕೊಟ್ಟರೆ ರಾತ್ರಿಗೆ 9,440 ಬಿತ್ತು, ಅದೂ ಒಂದೇ ರೂಮಿಗೆ. ನಿಮ್ಮ ರಸೀದಿಯ ಅಂಕಿ ಹಾಕಿ ನೀವೇ ನೋಡಿ.

ಇನ್ನೊಂದು ಮಾತು. ಹೋಟೆಲ್ ದರ ನಮ್ಮ ಕರಿಮೆಣಸಿನ ರೇಟಿನ ಹಾಗೆ, ದಿನಕ್ಕೊಂದು. ಪಾಯಿಂಟಿನ ಪಟ್ಟಿ ಹಾಗಲ್ಲ, ಸೀಸನ್ ನೋಡಿ ಮೊದಲೇ ಬರೆದಿಟ್ಟದ್ದು. ಹಾಗಾಗಿ ಹೋಟೆಲ್ ತುಟ್ಟಿಯಾದಾಗ ಪಾಯಿಂಟ್ ತೆಗೆಯಬೇಕು, ಅಗ್ಗವಾದಾಗ ದುಡ್ಡು ಕೊಡಬೇಕು. ನಮಗೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಮೇಲೆ ಹೂಮಳೆಯ ಚಿಂತೆ. ಮನೆ ಬಿಟ್ಟು ಹೊರಡುವುದೇ ಜೋರು ಮಳೆಗಾಲದಲ್ಲಿ. ಆಗ ಗೋವಾದಲ್ಲಿ ಒಳ್ಳೆಯ ರೂಮೇ ಅಗ್ಗಕ್ಕೆ ಸಿಗುತ್ತದೆ, ಟೈಮ್‌ಶೇರ್ ಯಾಕೆ ಸುಡಲಿ? ನಿಮ್ಮದು ಶಾಲೆಯ ರಜೆ, ಊರೆಲ್ಲ ಹೊರಡುವ ಕಾಲ. ಟೈಮ್‌ಶೇರಿಗೆ ಬೆಲೆ ಬರುವುದೇ ಆಗ.

ಕೊಡಗಿನ ವಾರಕ್ಕೂ ಇದೇ ನ್ಯಾಯ. ನಂದು ಪಾಯಿಂಟಲ್ಲ, ವರ್ಷಕ್ಕೊಂದು ವಾರ. ಆರ್‌ಸಿಐಯ (ರೆಸಾರ್ಟ್ ವಾರಗಳನ್ನು ಅದಲುಬದಲು ಮಾಡಿಸುವ ಕಂಪನಿ) ವಾರದ ಪದ್ಧತಿಯಲ್ಲಿ, ಸೀಸನ್ನಿಗೂ ಬೇಡಿಕೆಗೂ ತಕ್ಕಂತೆ ನಮ್ಮ ವಾರಕ್ಕೆ ಬೆಲೆ ಕಟ್ಟುತ್ತಾರೆ. ಒಂಬತ್ತು ತಿಂಗಳು ಮೊದಲೇ ವಾರವನ್ನು ಅವರಲ್ಲಿ ಜಮಾ ಮಾಡಿದರೆ ಪೂರ್ತಿ ಬೆಲೆ, ತಡವಾದಷ್ಟೂ ಕಡಿಮೆ. ಒಂದು ಸಲ ನಾನು ಜುಲೈ ವಾರವನ್ನು ಜೂನ್‌ನಲ್ಲಿ ಜಮಾ ಮಾಡಿದೆ. ಜುಲೈನಲ್ಲಿ ಮಡಿಕೇರಿಗೆ ಯಾರು ಬರುತ್ತಾರೆ, ಜಿಗಣೆಗೆ ರಕ್ತ ಕೊಡಲಿಕ್ಕೆ? ಅದಕ್ಕೆ ಸಿಕ್ಕಿದ್ದು ಇಬ್ಬರು ಮಲಗುವ ಒಂದು ಕೋಣೆ. ನಾವು ನಾಲ್ವರು.

ನೀವು ಹುಷಾರಾಗಿರಬೇಕಾದ್ದು ಎರಡೇ ಕಡೆ. ಬೇಕಾದ ರೆಸಾರ್ಟ್ ಖಾಲಿ ಇಲ್ಲದಿದ್ದರೆ ಬೇಡಿಕೆ ಹಾಕಿ ಕಾಯಬೇಕು. ಖಾತ್ರಿಯಾಗುವ ಮೊದಲು ಟಿಕೆಟ್ ಮಾಡಬೇಡಿ. ನನಗೆ ಹೊರಡಲು ಹದಿನೈದು ದಿನ ಇರುವಾಗ ಖಾತ್ರಿ ಬಂತು, ಮಂಗಳೂರಿನಿಂದ ಮಡಗಾಂವ್ ರೈಲಿನಲ್ಲಿ ಅಷ್ಟರಲ್ಲಿ ವೇಟಿಂಗ್ ಲಿಸ್ಟ್. ಎರಡನೆಯದು ಅಡುಗೆಮನೆ. "ಕಿಚನ್ ಇದೆ" ಅಂದರೆ ಏನಿದೆ ಎಂದು ಫೋನ್ ಮಾಡಿ ಕೇಳಿ. ನಮಗೆ ಸಿಕ್ಕಿದ್ದು ಒಂದು ಕೆಟಲ್, ನಾಲ್ಕು ಲೋಟ. ಮನೆಯಿಂದ ಹೊತ್ತುಕೊಂಡು ಹೋದ ಅಕ್ಕಿ ತರಿ ಹಾಗೇ ವಾಪಸ್ ಬಂತು.

ಎರಡು ರಾತ್ರಿಯ ಪ್ರವಾಸವಾದರೆ ಇದ್ಯಾವ ತಲೆನೋವೂ ಬೇಡ, ಹೋಟೆಲ್ ಸಾಕು. ಪಾಯಿಂಟಿನ ಅವಧಿ ಮುಗಿಯಲು ವಾರವಷ್ಟೇ ಉಳಿದಿದ್ದರೆ ಮಾತ್ರ ಹೋಟೆಲಿಗೇ ಕೊಟ್ಟುಬಿಡಿ, ಸುಮ್ಮನೆ ಹಾಳಾಗುವುದಕ್ಕಿಂತ. ಕೊನೆಯ ತಾರೀಖು ಯಾವುದು ಅಂತ ನೀವು ಬರೆದಿಲ್ಲ, ಇವತ್ತೇ ಒಮ್ಮೆ ಲಾಗಿನ್ ಆಗಿ ನೋಡಿ.