ಹಳೆಯ ಆಂಬುಲೆನ್ಸ್, ಶವವಾಹನ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಗುಜರಿಗೆ ಹೋಗುತ್ತಿದ್ದ ಮ್ಯಾಟಡಾರ್ ಆಂಬುಲೆನ್ಸ್ ಕೊಂಡಿದ್ದೇವೆ. ಹಿಂದಿನ ನೆಲ ಕಾಲಿಟ್ಟರೆ ಕುಸಿಯುತ್ತದೆ. ಮೇಲೊಂದು ತಗಡು ಹೊಡೆದರೆ ಸಾಕು ಅನ್ನುತ್ತಾರೆ ಟಿಂಕರಿಂಗ್‌ನವರು. ಸಾಕೇ? – ಓದುಗರು, ಹಾಸನ

ಸಾಲದು. ಬೇರೆ ಗಾಡಿಗಳ ನೆಲ ರಸ್ತೆಯ ನೀರಿಗೆ ಕೆಳಗಿನಿಂದ ಕೊಳೆತರೆ ಆಂಬುಲೆನ್ಸಿನದು ಮೇಲಿನಿಂದ ಕೊಳೆಯುತ್ತದೆ. ದಿನಾ ಸುರಿದ ಫಿನಾಯಿಲ್ ನೀರು ಲಿನೋಲಿಯಮ್ಮಿನ ಅಂಚಿನಲ್ಲಿ ಇಳಿದು ಪ್ಲೈವುಡ್ಡಿಗೆ ಸೇರಿ, ವರ್ಷಗಟ್ಟಲೆ ತಗಡನ್ನು ಒದ್ದೆಯಾಗಿಟ್ಟಿರುತ್ತದೆ. ಅದರ ಮೇಲೆ ಹೊಸ ತಗಡು ಹೊಡೆದರೆ ತೇವ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಬಿಚ್ಚುವಾಗ ದಪ್ಪ ಚರ್ಮದ ಕೈಗವಸು ಇರಲಿ. ಬೆಂಚಿನ ಸಂದಿಯಲ್ಲಿ, ಸ್ಟ್ರೆಚರ್ ಹಳಿಯ ಕೆಳಗೆ ಹಳೆಯ ಸೂಜಿಗಳು ಬಿದ್ದಿರುತ್ತವೆ. ಒಳಗೆಲ್ಲ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ಬಳಿದು, 10 ನಿಮಿಷ ಬಿಟ್ಟು, ಶುದ್ಧ ನೀರಿನಲ್ಲಿ ತೊಳೆಯಿರಿ. ಹಾಗೇ ಒಣಗಲು ಬಿಟ್ಟರೆ ಅಲ್ಯುಮಿನಿಯಂ ಬೀಡಿಂಗ್‌ನ್ನು ಅದೇ ತಿನ್ನುತ್ತದೆ.

ಕತ್ತರಿಸುವ ಮೊದಲು ಹಿಂಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಆಂಗಲ್ ಹಾಕಿ ಬಿಗಿಯಿರಿ. ಇದನ್ನು ಬಿಟ್ಟವರ ಗಾಡಿಯಲ್ಲಿ ನೆಲ ಕೂತ ಮೇಲೆ ಬಾಗಿಲು ಮುಚ್ಚುವುದಿಲ್ಲ. ಸ್ಕ್ರೂಡ್ರೈವರಿನಿಂದ ಚುಚ್ಚುತ್ತ ಹೋಗಿ, ಗಟ್ಟಿ ಲೋಹ ಸಿಕ್ಕ ಮೇಲೂ 25 ಮಿ.ಮೀ. ಆಚೆಗೆ ಕತ್ತರಿಸಿ. ಕೆಳಗಿನ ಅಡ್ಡಪಟ್ಟಿಗಳು ಕೊಳೆತಿದ್ದರೆ ಮೊದಲು ಅವು, 2 ಮಿ.ಮೀ. ತಗಡಿನಲ್ಲಿ, ಆಮೇಲೆ ನೆಲ, 18 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ತಗಡಿನಲ್ಲಿ. ಅಡ್ಡಪಟ್ಟಿಯ ಮೇಲೆ ಕೂರುವ ಕಡೆ 40 ಮಿ.ಮೀ.ಗೊಂದರಂತೆ 6 ಮಿ.ಮೀ. ತೂತು ಕೊರೆದು, 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗಿನಲ್ಲಿ ತುಂಬಿ. ಅಂಚುಗಳಿಗೆ ಒಂದೇ ಎಳೆತದ ಬೆಸುಗೆ ಬೇಡ. ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕಿ, ಆರಲು ಬಿಡಿ. ಇಲ್ಲವಾದರೆ ತಗಡು ಹಪ್ಪಳದಂತೆ ಉಬ್ಬುತ್ತದೆ. ಡೀಸೆಲ್ ಟ್ಯಾಂಕ್ ಹೊರಗಿರಲಿ, ಬ್ಯಾಟರಿ ಮತ್ತು ಆಲ್ಟರ್ನೇಟರ್ ವಯರ್ ಕಳಚಿರಲಿ.

ಬೆಸುಗೆ ಮುಗಿದ ಮೇಲೆ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಸಂದಿಗಳಿಗೆ ಸೀಮ್ ಸೀಲರ್. ಅದರ ಮೇಲೆ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿಯುವುದನ್ನು ಯಾರೂ ಮಾಡುವುದಿಲ್ಲ. ನೀರು ಕುಡಿಯುವುದು ಅಲ್ಲಿಂದಲೇ.

ಪ್ರಶ್ನೆ: ಅದೇ ಬಗೆಯ ಗಾಡಿ, ಡೀಸೆಲ್ ಎಂಜಿನ್. ಬೆಳಿಗ್ಗೆ ಸ್ಟಾರ್ಟ್ ಆಗದು, ಬಿಳಿ ಹೊಗೆ. ಎಂಜಿನ್ ಬಿಚ್ಚಿಸಬೇಕೇ? – ಓದುಗರು, ದಾವಣಗೆರೆ

ಇಷ್ಟಕ್ಕೇ ಬಿಚ್ಚಿಸಬೇಡಿ. ನಿಮ್ಮದು ಮರ್ಸಿಡಿಸ್ ಮೂಲದ ಓಎಂ 616 ಆಗಿದ್ದರೆ ಮೊದಲು ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ನಿನ ಒಳಗನ್ನು ಕಾಯಿಸುವ ಪ್ಲಗ್) ನೋಡಿ. ಸರಣಿಯಲ್ಲಿ ಜೋಡಿಸಿದ ಹಳೆಯ ಬಗೆಯಲ್ಲಿ ಒಂದು ಸುಟ್ಟರೆ ನಾಲ್ಕೂ ಸತ್ತಂತೆ. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವಿನ ಅಂತರ: ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.10, ಎಕ್ಸಾಸ್ಟ್ 0.30 ಮಿ.ಮೀ. ಅಂತರ ಕಡಿಮೆಯಾದರೆ ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಸೋರುತ್ತದೆ. ಕೊನೆಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳು ತೆರೆಯುವ ಒತ್ತಡ; 100 ಬಾರ್‌ಗಿಂತ ಕೆಳಗಿದ್ದರೆ ಬದಲಿಸಿ. ಇದೇ ಎಂಜಿನ್ ಟೆಂಪೋ ಟ್ರಾವೆಲರ್‌ಗೂ ಬಂದದ್ದರಿಂದ ಬಿಡಿಭಾಗದ ಚಿಂತೆಯಿಲ್ಲ.

ಪ್ರಶ್ನೆ: ಇಲ್ಲೊಂದು 1972ರ ಕ್ಯಾಡಿಲಾಕ್ ಶವವಾಹನ ಮಾರಾಟಕ್ಕಿದೆ. ಎಂಜಿನ್ ಕೆಟ್ಟಿದೆ, ಬಾಡಿ ಚೆನ್ನಾಗಿದೆ. ಕೊಳ್ಳಬಹುದೇ? – ಕನ್ನಡಿಗರೊಬ್ಬರು, ಓಹಾಯೋ

ಅದರ ಉಲ್ಟಾ ಆಗಿದ್ದರೆ ಬೇಡ ಅನ್ನುತ್ತಿದ್ದೆವು. 472 ಕ್ಯೂಬಿಕ್ ಇಂಚಿನ ಆ ವಿ-8 ಮಾಮೂಲಿ ಕ್ಯಾಡಿಲಾಕ್ ಕಾರುಗಳದ್ದೇ, ಭಾಗಗಳು ಸಿಗುತ್ತವೆ. ಹಿಂದಿನ ದೇಹ ಹಾಗಲ್ಲ. ಕ್ಯಾಡಿಲಾಕ್ ಕಂಪನಿ ಉದ್ದನೆಯ ಚಾಸಿ ಕೊಡುತ್ತಿತ್ತು, ಬಾಡಿ ಕಟ್ಟುತ್ತಿದ್ದವರು ಬೇರೆಯವರು. ಅವರಲ್ಲಿ ಮುಖ್ಯರು ನಿಮ್ಮ ರಾಜ್ಯದವರೇ: ಲೈಮಾದ ಸುಪೀರಿಯರ್, ಪಿಕ್ವಾದ ಮಿಲ್ಲರ್-ಮೀಟಿಯರ್. ಒಬ್ಬರ ಹಿಂಬಾಗಿಲ ಗಾಜು ಇನ್ನೊಬ್ಬರದಕ್ಕೆ ಕೂರುತ್ತದೆಂಬ ಭರವಸೆಯಿಲ್ಲ. ಬಾಡಿ ಕಟ್ಟಿದವರ ಫಲಕ ಇದೆಯೇ ಎಂದು ಮೊದಲು ಹುಡುಕಿ.

“ಚೆನ್ನಾಗಿದೆ” ಅನ್ನುವುದನ್ನು ಮಾತ್ರ ನಂಬಬೇಡಿ. ವಿನೈಲ್ ಹೊದಿಕೆಯ ಚಾವಣಿಯನ್ನು ಅಂಗೈಯಿಂದ ಒತ್ತುತ್ತ ಹೋಗಿ. ಗುಳ್ಳೆ, ಕರಕರ ಸದ್ದು ಇದ್ದಲ್ಲಿ ಕೆಳಗೆ ತುಕ್ಕು. ಪಕ್ಕದ ಎಸ್ ಆಕಾರದ ಅಲಂಕಾರದ ಪಟ್ಟಿ ಕೂರಿಸಿದ ತೂತುಗಳಿಂದ ನೀರು ಒಳಗಿಳಿಯುತ್ತದೆ. ವಿನೈಲ್ ಪೂರ್ತಿ ಕಿತ್ತು, ಬರಿಯ ಲೋಹದವರೆಗೆ ಕೆರೆದು, ತೂತು ಮುಚ್ಚಿಯೇ ಹೊಸದು ಹಾಕಬೇಕು. ಸ್ಯಾಂಡ್‌ಬ್ಲಾಸ್ಟಿಂಗ್ ಬೇಡ, ಅಷ್ಟುದ್ದದ ತೆಳು ತಗಡು ಸೊಟ್ಟಗಾಗುತ್ತದೆ. ಬಣ್ಣ ಕೀಳುವ ರಾಸಾಯನಿಕ ಮತ್ತು 80ರ ಸ್ಯಾಂಡ್‌ಪೇಪರ್ ಸಾಕು. ಹಿಂಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಎತ್ತಿ. ಆಡಿದರೆ ಕೀಲಿನ ಪಿನ್ನು, ಬುಷ್ ಸವೆದಿವೆ. ಪೆಟ್ಟಿಗೆ ಜಾರಿಸುವ ಉರುಳೆಗಳು, ಅದನ್ನು ತಡೆದು ನಿಲ್ಲಿಸುವ ಪಿನ್ನುಗಳು ಎಲ್ಲವೂ ಇವೆಯೇ ಎಣಿಸಿ. ಟೈರನ್ನು ಅಳತೆ ನೋಡಿ ಕೊಳ್ಳಬೇಡಿ, ಭಾರ ಹೊರುವ ಶಕ್ತಿ ನೋಡಿ. ಕಾರಿನ ಟೈರು ಇದಕ್ಕೆ ಸಾಲದು.

ಪ್ರಶ್ನೆ: ಹಳೆಯ ಬರಹ, ಕೆಂಪು ಶಿಲುಬೆ, ಸೈರನ್ ಎಲ್ಲ ಮೊದಲಿನಂತೆಯೇ ಇಡಬಹುದೇ? ವಿಂಟೇಜ್ ನಂಬರ್ ಸಿಗುತ್ತದೆಯೇ? – ಓದುಗರು, ಮೈಸೂರು

ಬರಹ ಖಂಡಿತ ಇಡಿ. ಹೊಸ ಬಣ್ಣಕ್ಕೆ ಮುಂಚೆ ಟ್ರೇಸಿಂಗ್ ಕಾಗದದಲ್ಲಿ ಅಚ್ಚು ತೆಗೆದುಕೊಳ್ಳಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮೇಲಿನ ಬಣ್ಣವನ್ನು 600ರ ನೀರು ಕಾಗದದಿಂದ (ನೀರು ಹಚ್ಚಿ ಉಜ್ಜುವ ನಯ ಸ್ಯಾಂಡ್‌ಪೇಪರ್) ಮೆಲ್ಲಗೆ ಉಜ್ಜಿದರೆ ಅಡಿಯಲ್ಲಿ ಮೊದಲ ಆಸ್ಪತ್ರೆಯ ಹೆಸರು ಕಾಣುವುದೂ ಉಂಟು.

ಕೆಂಪು ಶಿಲುಬೆಯ ಮಾತು ಬೇರೆ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಂತೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ದಾರಿಯ ಮೇಲೆ ಎಷ್ಟೋ ಗಾಡಿಗಳಲ್ಲಿ ಕಾಣುತ್ತದೆ, ನಿಜ, ಅದು ಅನುಮತಿಯಾಗದು. ಮೂಲ ಚಿತ್ರ ಕೆರೆದು ಹಾಕುವ ಬದಲು ಮ್ಯಾಗ್ನೆಟ್ ಹಾಳೆಯಿಂದ ಮುಚ್ಚಿ. ಗಾಡಿ ಒಳಗೆ ನಿಂತಾಗ ಹಾಳೆ ತೆಗೆಯಿರಿ, ಅಡಿಯಲ್ಲಿ ತೇವ ನಿಲ್ಲುತ್ತದೆ. ಸೈರನ್ ಜಾಗದಲ್ಲೇ ಇರಲಿ, ವಯರನ್ನು ಫ್ಯೂಸಿನ ಬಳಿ ಕಳಚಿ ತುದಿಗೆ ಟೇಪ್ ಸುತ್ತಿ. ಸೈರನ್ ಬಳಸುವ ರಿಯಾಯಿತಿ ಆಂಬುಲೆನ್ಸ್ ಆಗಿ ಓಡುವಂಥ ಗಾಡಿಗಳಿಗೆ, ಹವ್ಯಾಸಕ್ಕೆ ಇಟ್ಟುಕೊಂಡದ್ದಕ್ಕಲ್ಲ.

ವಿಂಟೇಜ್ ನೋಂದಣಿಗೆ 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಖಾಸಗಿ ಬಳಕೆಯದಾಗಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಆರ್‌ಸಿಯಲ್ಲಿ ಗಾಡಿ ಯಾವ ವರ್ಗದಲ್ಲಿದೆ ಎಂದು ಆರ್‌ಟಿಒದಲ್ಲಿ ಕೇಳಿಕೊಂಡೇ ಬಣ್ಣಕ್ಕೆ ಹಣ ಹಾಕಿ.